ನೆಲದಜ್ಜ ನಕ್ಕ ಮೇಲೆ

ಶಿನ್‌ಚು, ಉತ್ತರ ಬಾಗಿಲ ಓಣಿ
ಎರಡನೇ ಚಾಂದ್ರಮಾಸದ ಮೂರನೇ ದಿನ, ಬೆಳಿಗ್ಗೆ

ನನ್ನ ಮಗಳು ಯೂ-ಚಿನ್‌ಗೆ,

ನಿನ್ನ ಕೆಮ್ಮು ಹೇಗಿದೆ? ಕಳೆದ ಸಲ ಫೋನಿನಲ್ಲಿ ಮಾತಾಡುವಾಗ ಮೂರು ಮಾತಿಗೊಂದು ಸಲ ಕೆಮ್ಮಿದೆ, ಕೇಳಿದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದೆ. ನಿನ್ನನ್ನು ಹೆತ್ತವಳಿಗೆ ಗಂಟಲಲ್ಲಿ ಸಿಕ್ಕ ಕೆಮ್ಮಿಗೂ ಎದೆಯಿಂದ ಬರುವ ಕೆಮ್ಮಿಗೂ ವ್ಯತ್ಯಾಸ ಗೊತ್ತು. ಆ ಡ್ರೆಸ್ಡೆನ್ ಊರಿನಲ್ಲಿ ಮರಸೇಬು ಸಿಗುತ್ತದೆಯಲ್ಲ, ಅದನ್ನು ಕೊರೆದು ಒಳಗೆ ಕಲ್ಲುಸಕ್ಕರೆ ಹಾಕಿ ಹಬೆಯಲ್ಲಿ ಬೇಯಿಸಿ ತಿನ್ನು. ತಣ್ಣೀರು ಕುಡಿಯಬೇಡ. ಅಲ್ಲಿಯವರು ಚಳಿಗಾಲದಲ್ಲೂ ತಣ್ಣೀರು ಕುಡಿಯುತ್ತಾರೆ ಎಂದು ನೀನೇ ಹೇಳಿದ್ದೆ; ಕುಡಿಯಲಿ, ಅವರ ಹೊಟ್ಟೆ ಅವರದು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಗಾಳಿ ತಿರುಗಿದಾಗಲೆಲ್ಲ ಹೇಳಿ ಕಳಿಸುತ್ತದೆ. ಈ ವರ್ಷ ಗಾಳಿ ಜೋರು, ಶಾವಿಗೆ ಒಣಗಿಸುವವರಿಗೆ ಹಬ್ಬ. ನಿನ್ನ ಅಪ್ಪನ ಫೋಟೋದ ಮುಂದೆ ದಿನಾ ಚಹಾ ಇಡುತ್ತಿದ್ದೇನೆ. ಅವರಿಗೆ ಇಷ್ಟವಿಲ್ಲದ ಹಸಿರು ಚಹಾವನ್ನೇ. ಬದುಕಿದ್ದಾಗ ವೈದ್ಯರು ಹೇಳಿದರೂ ಕುಡಿಯಲಿಲ್ಲ, ಈಗ ಬೇಡ ಎನ್ನುವವರಿಲ್ಲ.

ಇಷ್ಟು ದೂರಕ್ಕೆ ಕಾಗದ ಯಾಕೆ, ಫೋನಿಲ್ಲವೇ ಎನ್ನುತ್ತೀಯ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಬಾಯಿ ಹಾಕುತ್ತೀಯ. ಕಾಗದಕ್ಕೆ ಅಡ್ಡ ಮಾತಾಡಲು ಆಗುವುದಿಲ್ಲ. ಹೊಸ ವರ್ಷದ ಮೊದಲ ಹುಣ್ಣಿಮೆಗೆ, ದೀಪದ ಹಬ್ಬದ ಸಂಜೆ, ಗುಡಿಯಲ್ಲಿ ನನಗಾದ ಅವಮಾನವನ್ನು ನಿನಗೆ ಹೇಳಲು ಹೊರಟಾಗ ನೀನೇನೆಂದೆ, ನೆನಪಿದೆಯೇ? “ಬಿಡಮ್ಮಾ, ಆ ಪುಟ್ಟ ಗುಡಿಗೋಸ್ಕರ ಚಿಕ್ಕಪ್ಪನ ಜತೆ ಯಾಕೆ ಕಿತ್ತಾಡ್ತೀಯ? ಅಲ್ಲಿ ಈಗ ನಾನ್ಯಾರು?” ನಾನು ಉತ್ತರ ಕೊಡದೆ ಫೋನ್ ಇಟ್ಟೆ. ಉತ್ತರ ಇಲ್ಲದೆ ಇಟ್ಟದ್ದಲ್ಲ. ಸಿಟ್ಟು ಇಳಿಯಲಿ ಎಂದು ಇಟ್ಟೆ. ಅದು ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂತು ಪೂರ್ತಿ ಓದು.

ಮೊದಲು ನನ್ನ ಪಾಠದ ವಿಷಯ. ಅಪ್ಪನ ತಿಥಿ ಮುಗಿಸಿ ಹೊರಡುವ ಮೊದಲು ನೀನು ಅಡುಗೆಮನೆ ಬಾಗಿಲಿಗೆ ಒಂದು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಯಂತ್ರ ಅಂಟಿಸಿದೆ. ಬೆಳಿಗ್ಗೆ ನಾನು ಬಾಗಿಲು ತೆರೆಯುವುದು ತಡವಾದರೆ ಅದು ನಿನಗೆ ಸುದ್ದಿ ಕಳಿಸುತ್ತದಂತೆ. ನನ್ನ ಮನೆಯಲ್ಲಿ ನನ್ನನ್ನೇ ಕಾಯುವ ಯಂತ್ರ! ಕಿತ್ತು ಎಸೆಯೋಣ ಎನಿಸಿತು. ಎಸೆಯಲಿಲ್ಲ, ಯಾಕೆಂದರೆ ಎಸೆದರೂ ನಿನಗೆ ಸುದ್ದಿ ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಆಗ ನಿರ್ಧರಿಸಿದೆ: ಈ ಪೆಟ್ಟಿಗೆಗೆ ಯಾರು ಏನು ಹೇಳಿಕೊಟ್ಟಿದ್ದಾರೆ ಎಂದು ನನಗೆ ಗೊತ್ತಾಗಲೇಬೇಕು. ಓಣಿಯ ಕೊನೆಯಲ್ಲಿ ಹಿರಿಯರಿಗೆಂದು ನಡೆಸುವ ತರಗತಿಗೆ ಹೋಗಿ ಹೆಸರು ಕೊಟ್ಟೆ. ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕೂತಿದ್ದ ಹುಡುಗಿ ನನ್ನನ್ನು ನೋಡಿ, “ಅಜ್ಜಿ, ಹೂವಿನ ಅಲಂಕಾರದ ಕ್ಲಾಸು ಮಹಡಿ ಮೇಲೆ” ಎಂದಳು. “ಹೂವು ತಾನಾಗೇ ಚೆನ್ನಾಗಿರತ್ತೆ, ನಾನೇನು ಮಾಡೋದು ಅದಕ್ಕೆ? ಕಂಪ್ಯೂಟರಿಗೆ ಬುದ್ಧಿ ಹೇಳೋ ಕ್ಲಾಸಿಗೆ ಬರ್ಕೊ” ಎಂದೆ. ಬರೆದುಕೊಂಡಳು. ನನ್ನನ್ನು ನೋಡಿ, ಮಾರುಕಟ್ಟೆಯಲ್ಲಿ ಮಾಂಸದುಂಡೆ ಮಾರುವ ಆ-ಗೇಕ್ ಕೂಡ ಸೇರಿಕೊಂಡಳು. ಅವಳಿಗೆ ಕಲಿಯುವ ಆಸೆಯಿಲ್ಲ. ನಾನು ತಪ್ಪು ಮಾಡುವುದನ್ನು ನೋಡುವ ಆಸೆ.

ಕಲಿಸುವವರು ಔ ಮೇಡಂ. ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು, ಪಾಳಿ ಕೆಲಸ ಸಾಕಾಗಿ ಬಿಟ್ಟವರು. ಮೊದಲ ದಿನ ಅವರು ಹಲಗೆಯ ಮೇಲೆ ಮೂರು ಕಾಲಿನ ಒಂದು ಹುಳದ ಚಿತ್ರ ಬರೆದು, ಕಂಪ್ಯೂಟರ್ ಎನ್ನುವುದೆಲ್ಲ ಕೊನೆಗೆ ಇದೇ, ಕೋಟಿಗಟ್ಟಲೆ ಇದೇ, ಉಗುರಿನಗಲದ ಜಾಗದಲ್ಲಿ ಎಂದರು. ನಾನು ಆ ಚಿತ್ರ ನೋಡಿ ಎದ್ದು ನಿಂತೇಬಿಟ್ಟೆ. ಆ ಹುಳ ನನಗೆ ಗೊತ್ತು, ಯೂ-ಚಿನ್. ಹದಿನೈದನೇ ವಯಸ್ಸಿಗೆ ರೈಲು ಹತ್ತಿ ಕಾವ್‌ಶಿಯುಂಗ್‌ಗೆ ಹೋಗಿ, ಬಂದರಿನ ಪಕ್ಕದ ಕಾರ್ಖಾನೆಯಲ್ಲಿ ಹಗಲೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು, ಕೂದಲಿಗಿಂತ ಸಣ್ಣ ಚಿನ್ನದ ತಂತಿಯನ್ನು ಅದೇ ಹುಳದ ಕಾಲಿಗೆ ಬೆಸೆದವಳು ನಾನು. ಮೇಲ್ವಿಚಾರಕಿ ಸಾಲಿನ ಹಿಂದೆ ಓಡಾಡುತ್ತ, “ಹುಡ್ಗೀರಾ, ಉಸಿರು ಬಿಡ್ಬೇಡಿ, ಚಿನ್ನ ಹಾರತ್ತೆ” ಎನ್ನುತ್ತಿದ್ದಳು. ಸಂಜೆ ಅದೇ ಕಣ್ಣನ್ನು ತೊಳೆದುಕೊಂಡು ಸಂಜೆ ಶಾಲೆಗೆ. ಪ್ರೌಢಶಾಲೆ ಮುಗಿಸಿದ್ದು ಹಾಗೆ. ಇದು ಯಾಕೆ ಬೇಕು ಎಂದು ಒಮ್ಮೆ ಕೇಳಿದ್ದಕ್ಕೆ, ರೇಡಿಯೋಗೆ ಎಂದರು. ಅಷ್ಟೇ. ಔ ಮೇಡಂ ಹೇಳಿದ ಮೇಲೆ ತಿಳಿಯಿತು, ಆ ಹುಳದ ಹೆಸರು ಟ್ರಾನ್ಸಿಸ್ಟರ್, ಅದೊಂದು ಬಾಗಿಲಂತೆ. ಒಂದು ಕಾಲನ್ನು ತುಸು ತಳ್ಳಿದರೆ ಉಳಿದೆರಡರ ನಡುವೆ ವಿದ್ಯುತ್ತು ಹರಿಯುತ್ತದೆ, ತಳ್ಳದಿದ್ದರೆ ನಿಲ್ಲುತ್ತದೆ. ತೆರೆದರೆ ಹೌದು, ಮುಚ್ಚಿದರೆ ಇಲ್ಲ. ನನ್ನ ಹರೆಯವನ್ನೆಲ್ಲ ಬಾಗಿಲು ಕಟ್ಟುತ್ತ ಕಳೆದಿದ್ದೇನೆ, ಅದು ಬಾಗಿಲು ಎಂದು ಒಬ್ಬರೂ ಹೇಳಿರಲಿಲ್ಲ.

ಆ ಬಾಗಿಲು ಮಾಡುವ ವಸ್ತುವಿಗೆ ಇಟ್ಟ ಅರೆವಾಹಕ ಎಂಬ ಹೆಸರು ಮಾತ್ರ ನನಗೆ ಹಿಡಿಸಲಿಲ್ಲ. ಅರ್ಧ ಕೆಲಸ ಮಾಡುವವರನ್ನು ನಾನು ಹೊಸಿಲು ದಾಟಿಸುವುದಿಲ್ಲ ಎಂದು ನಿನಗೆ ಗೊತ್ತು. ಮೇಡಂ ಬಿಡಿಸಿ ಹೇಳಿದರು: ತಾಮ್ರ ಯಾರು ಬಂದರೂ ಒಳಗೆ ಬಿಡುತ್ತದೆ, ಗಾಜು ಯಾರನ್ನೂ ಬಿಡುವುದಿಲ್ಲ, ಇದು ಮಾತ್ರ ಯಾವಾಗ ಬಿಡಬೇಕು ಎಂದು ನಾವು ಹೇಳಿದಂತೆ ಕೇಳುತ್ತದೆ, ಮರಳಿನಿಂದ ತೆಗೆದು, ಶುದ್ಧ ಮಾಡಿ, ಮತ್ತೆ ಅದಕ್ಕೆ ಚಿಟಿಕೆ ಕಲ್ಮಶ ಬೆರೆಸಿದರೆ ಆ ಗುಣ ಬರುತ್ತದಂತೆ. ಉಪ್ಪು ಹಾಕಿದ ಮೇಲೆ ಗಂಜಿಗೆ ರುಚಿ ಬಂದ ಹಾಗೆ. ನೀನು ಇದನ್ನೆಲ್ಲ ಹದಿನೆಂಟು ವರ್ಷಕ್ಕೇ ಓದಿದವಳು, ನಗಬೇಡ. ನಾನು ಅಡುಗೆಮನೆಯಲ್ಲಿ ನಿಂತು ಎಣಿಸಿದೆ. ಅನ್ನ ಮಾಡುವ ಕರೆಂಟ್ ಕುಕ್ಕರಿನಲ್ಲಿ ಅದಿದೆ. ಸ್ಕೂಟರಿನಲ್ಲಿದೆ. ನಿನ್ನ ಅಪ್ಪನ ಹಾಸಿಗೆಯ ಪಕ್ಕ ಉಸಿರು ಅಳೆಯುತ್ತಿದ್ದ ಯಂತ್ರದಲ್ಲಿ ಇತ್ತು. ಸಮುದ್ರದ ಆಚೆ ನಮ್ಮ ಕಡೆ ಮುಖ ಮಾಡಿ ನಿಂತಿರುವ ಕ್ಷಿಪಣಿಯಲ್ಲೂ ಇದೆ, ನಮ್ಮ ಕ್ಷಿಪಣಿಯಲ್ಲೂ ಇದೆ. ಕೆಲವು ವರ್ಷದ ಹಿಂದೆ ಅದು ಸಾಲದೆ ಬಂದಾಗ ದೊಡ್ಡ ದೊಡ್ಡ ದೇಶಗಳ ಕಾರು ಕಾರ್ಖಾನೆಗಳು ಕೈಕಟ್ಟಿ ಕೂತವು. ಈಗ ಎಲ್ಲರಿಗೂ ತಮ್ಮ ಹಿತ್ತಲಲ್ಲೇ ಒಂದು ಕಾರ್ಖಾನೆ ಬೇಕು, ಅದಕ್ಕೇ ಅಲ್ಲವೇ ನಿನ್ನನ್ನು ಅಲ್ಲಿಗೆ ಕರೆದದ್ದು.

ಇದನ್ನು ನಿನ್ನ ಚಿಕ್ಕಪ್ಪ ಬೂನ್-ಖಿಂಗ್ ನನಗಿಂತ ಚೆನ್ನಾಗಿ ಭಾಷಣ ಮಾಡುತ್ತಾನೆ. ಗುಡಿಯ ಸಮಿತಿಗೆ ಅಧ್ಯಕ್ಷನಾದ ಮೇಲೆ ಅವನ ಬಾಯಿಗೆ ಬೀಗವೇ ಇಲ್ಲ. ಗುಡಿಯ ಮುಂದಿನ ಚಹಾ ಮೇಜಿನಲ್ಲಿ ಕಾಲು ಚಾಚಿ ಕೂತು, “ನಮ್ ಚಿಪ್ ಇಲ್ದಿದ್ರೆ ಇಡೀ ಪ್ರಪಂಚಕ್ಕೆ ಕತ್ಲು! ಅದು ನಮ್ಮನ್ನ ಕಾಯೋ ಬೆಟ್ಟ ಕಣ್ರಯ್ಯ, ಅದಿರೋ ತನಕ ಯಾರೂ ನಮ್ಮನ್ನ ಮುಟ್ಟಂಗಿಲ್ಲ” ಎನ್ನುತ್ತಾನೆ. ಒಂದು ದಿನ ತಡೆಯಲಾರದೆ ಕೇಳಿದೆ: “ನಮ್ಮ ಅಂದ್ರೆ ಯಾರ್ದು, ಬೂನ್-ಖಿಂಗ್? ನೀನು ಜೀವಮಾನದಲ್ಲಿ ಒಂದು ಬಲ್ಬ್ ಬದಲಾಯಿಸಿದ್ದು ನಾನು ಕಾಣೆ.” ಚಹಾ ಕುಡಿಯುತ್ತಿದ್ದವರ ಮೂಗಿಗೆ ಚಹಾ ಹತ್ತಿತು. ಯೂ-ಚಿನ್, ಆ ಬೆಟ್ಟದ ಬುಡದಲ್ಲಿರುವುದು ಹುಡುಗಿಯರ ಕಣ್ಣು. ನನ್ನ ಸಾಲಿನಲ್ಲಿ ಕೂತವರಲ್ಲಿ ಎಷ್ಟೋ ಜನ ಮದುವೆಗೆ ಮುಂಚೆಯೇ ಕನ್ನಡಕ ಹಾಕಿದರು. ಯಾರೋ ದೊಡ್ಡವರು ನಮ್ಮನ್ನು ಕಾಯಲಿ ಎಂದು ನಾವು ಆ ಕೆಲಸ ಮಾಡಲಿಲ್ಲ. ಅನ್ನಕ್ಕೆ ಮಾಡಿದೆವು, ಮಾಡಿದ್ದನ್ನು ಅಚ್ಚುಕಟ್ಟಾಗಿ ಮಾಡಿದೆವು. ಬೆಟ್ಟ ಆಯಿತು. ಈಗ ಅದರ ನೆರಳಲ್ಲಿ ಕೂತವನು ನನಗೆ, ನೀನು ಹೆಂಗಸು, ಹಿಂದೆ ನಿಲ್ಲು ಎನ್ನುತ್ತಾನೆ.

ಆದದ್ದು ಹೀಗೆ. ಓಣಿಯ ನೆಲ ಕಾಯುವ ದೇವರು, ನಮ್ಮ ನೆಲದಜ್ಜನ ಗುಡಿಯಲ್ಲಿ ವರ್ಷವರ್ಷವೂ ಓಣಿಯ ಒಂದೊಂದು ಮನೆಯ ಹೆಸರು ಕೂಗಿ, ದೇವರ ಮುಂದೆ ಜೋಡಿ ಮರದ ತುಂಡು ಹಾಕಿ, ಸಾಲಾಗಿ ಹೆಚ್ಚು ಸಲ ಹೌದು ಬಿದ್ದವರನ್ನು ಧೂಪದ ಯಜಮಾನನಾಗಿ ಆರಿಸುವುದು ನಿನಗೆ ಗೊತ್ತೇ ಇದೆ. ನೀನು ಎರಡನೇ ತರಗತಿಯಲ್ಲಿದ್ದಾಗ ಅಪ್ಪನ ಹೆಸರಿಗೆ ಬಂದಿತ್ತು. ವರ್ಷವಿಡೀ ಧೂಪಪಾತ್ರೆ ನಮ್ಮ ಮನೆಯಲ್ಲಿತ್ತು, ನೀನು ಅದರ ಬೂದಿಯಲ್ಲಿ ಬೆರಳದ್ದಿ ಏಟು ತಿಂದಿದ್ದೆ. ಈ ಸಲ ದೀಪದ ಹಬ್ಬದ ದಿನ ಸಮಿತಿಯವರು ಅಜ್ಜನ ಹುಟ್ಟುಹಬ್ಬಕ್ಕೆ ಕೂಗಬೇಕಾದ ಹೆಸರುಗಳನ್ನು ಓದಿ ನೋಡುವಾಗ ನಮ್ಮ ಮನೆಯ ಹೆಸರೇ ಇಲ್ಲ. ಕೇಳಿದೆ. “ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಅಣ್ಣ ಹೋದ ಮೇಲೆ ಅದು ಗಂಡು ದಿಕ್ಕಿಲ್ಲದ ಮನೆ. ನಾಳೆ ನಿಮ್ಮ ಹೆಸ್ರು ಬಂದ್ರೆ ಧೂಪಪಾತ್ರೆ ಹಿಡಿಯೋರ್ಯಾರು?” ಎಂದ ಬೂನ್-ಖಿಂಗ್. ನಾನು ಹಿಡಿಯುತ್ತೇನೆ ಎಂದೆ. ಅವನು, ಆಗಲಿ, ಅಜ್ಜನನ್ನೇ ಕೇಳೋಣ ಎಂದು ತುಂಡುಗಳನ್ನು ಎತ್ತಿಕೊಂಡು, ವಿಧವೆಯ ಮನೆಯ ಹೆಸರು ಕೂಗಬಹುದೇ ಎಂದು ಕೇಳಿ ಹಾಕಿದ. ಎರಡೂ ಚಪ್ಪಟೆ ಬದಿ ಮೇಲಾಗಿ ಬಿದ್ದವು, ಹಾಗೆ ಬಿದ್ದರೆ ದೇವರು ನಕ್ಕನೆಂದು ಲೆಕ್ಕ. ಅಜ್ಜ ನಕ್ಕ. ಬೂನ್-ಖಿಂಗ್ ತುಂಡುಗಳನ್ನು ಬಾಚಿಕೊಂಡು, “ನೋಡಿ ಅತ್ತಿಗೆ, ದೇವ್ರಿಗೇ ನಗು ಬಂತು!” ಎಂದ. ಗುಡಿಯೆಲ್ಲ ನಕ್ಕಿತು. ನಾನು ಈ ಓಣಿಗೆ ಸೊಸೆಯಾಗಿ ಬಂದ ದಿನದಿಂದ ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ. ತಲೆಯೆತ್ತಿಕೊಂಡೇ ಮನೆಗೆ ಬಂದೆ, ಆದರೆ ಕಿವಿಯೊಳಗೆ ಆ ನಗು ಉಳಿಯಿತು. ಅವತ್ತು ಸಂಜೆಯೇ ನೀನು ಬಿಡಮ್ಮಾ ಎಂದದ್ದು.

ಮರುವಾರ ತರಗತಿಯಲ್ಲಿ ಮೇಡಂ, ನಿಮ್ಮ ಇಷ್ಟದ ಯಾವುದಾದರೂ ಕೆಲಸವನ್ನು ಕಂಪ್ಯೂಟರಿಗೆ ಹೇಳಿಕೊಡಿ ಎಂದರು. ಆ-ಗೇಕ್ ಮಾಂಸದುಂಡೆಯ ಲೆಕ್ಕಕ್ಕೆ ಕೂತಳು. ನಾನು ಮರದ ತುಂಡು ಹಾಕುವುದನ್ನೇ ಬರೆದೆ. ಅದಕ್ಕೆ ಮುಂಚೆ ಮನೆಯಲ್ಲಿ ಒಂದು ಊದುಬತ್ತಿ ಹಚ್ಚಿ, ಅಜ್ಜಾ, ಇದು ಅಭ್ಯಾಸಕ್ಕೆ, ನಿನ್ನನ್ನು ಕೇಳಿದ್ದಲ್ಲ, ತೊಂದರೆ ತೆಗೆದುಕೊಳ್ಳಬೇಡ ಎಂದು ತಿಳಿಸಿ ಬಂದಿದ್ದೆ. ಕಂಪ್ಯೂಟರಿಗೆ ಏನೂ ಗೊತ್ತಿಲ್ಲ, ಹೊಸ ಸೊಸೆಗೆ ಹೇಳಿದ ಹಾಗೆ ಒಂದೊಂದೇ ಹೇಳಬೇಕು. ತುಂಡು ಎರಡು. ಪ್ರತಿಯೊಂದಕ್ಕೂ ಒಂದು ಚಪ್ಪಟೆ ಬದಿ, ಒಂದು ಉಬ್ಬು ಬದಿ. ದಾಳ ಉರುಳಿದಂತೆ ಯಾವುದೋ ಒಂದು ಬದಿ ಬೀಳಲಿ. ಒಂದು ಚಪ್ಪಟೆ, ಒಂದು ಉಬ್ಬು ಬಿದ್ದರೆ ಹೌದು ಎಂದು ಬರೆ. ಇಲ್ಲದಿದ್ದರೆ ಇಲ್ಲ ಎಂದು ಬರೆ. ಎರಡು ಕಡೆ ಸಾಲಿನ ಕೊನೆಯ ಚುಕ್ಕಿ ಹಾಕುವುದು ಮರೆತು, ಅದು ಕೆಂಪಕ್ಷರದಲ್ಲಿ ಬೈದು, ನಾನೂ ತಿರುಗಿ ಬೈದು, ಕಡೆಗೂ ಓಡಿತು. ಸಾವಿರ ಸಲ ಹಾಕು ಎಂದರೆ ರೆಪ್ಪೆ ಬಡಿಯುವುದರೊಳಗೆ ಹಾಕಿ ಮುಗಿಸಿತು. ಹೌದು ಎಷ್ಟೋ ಇಲ್ಲವೂ ಹೆಚ್ಚುಕಡಿಮೆ ಅಷ್ಟೇ. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಆ-ಗೇಕ್ ಕತ್ತು ಚಾಚಿ ನೋಡಿ ಕಿರುಚಿದಳು: “ಅಯ್ಯೋ ಅಕ್ಕಾ, ನಿಮ್ಮ ದೇವ್ರೂ ನಿಮ್ ಥರಾನೇ ಇದಾನಲ್ಲ, ನಗೋದೇ ಇಲ್ಲ!”

ಮೇಡಂ ಬಂದು ನೋಡಿದರು. “ಅಮ್ಮಾ, ನೀವು ‘ಇಲ್ಲದಿದ್ದರೆ’ ಅಂತ ಬರ್ದಿದೀರಲ್ಲ, ಅದರೊಳಗೆ ಎರಡು ಬೇರೆ ಬೇರೆ ವಿಷ್ಯ ಸೇರ್ಕೊಂಡಿವೆ. ಎರಡೂ ಉಬ್ಬು ಬಿದ್ರೆ ಇಲ್ಲ, ಸರಿ. ಎರಡೂ ಚಪ್ಪಟೆ ಬಿದ್ರೆ? ಅಜ್ಜ ನಕ್ರೆ ನೀವು ಏನ್ಮಾಡ್ತೀರಿ?” ಎಂದು ಕೇಳಿದರು. ಇದೇನು ಕೇಳುವ ಮಾತೇ, ಮಗುವಿಗೂ ಗೊತ್ತು ಎಂದುಕೊಂಡು ಹೇಳಿದೆ: “ಕೇಳಿದ್ದು ಸರಿಯಿಲ್ಲ ಅಂತ ಅರ್ಥ. ಪ್ರಶ್ನೆ ಸರಿಮಾಡಿ ಮತ್ತೆ ಹಾಕ್ತೀವಿ.” “ಹಾಗಾದ್ರೆ ಅದನ್ನೇ ಬರೀರಿ” ಎಂದರು. ನನ್ನ ಬಾಯಿಂದ ಬಂದ ಮಾತು ನನ್ನ ಕಿವಿಗೆ ಬಿತ್ತು, ಯೂ-ಚಿನ್, ಬೆರಳು ಕೀಲಿಯ ಮೇಲೇ ನಿಂತಿತು. ಬೂನ್-ಖಿಂಗ್ ಮತ್ತೆ ಹಾಕಲೇ ಇಲ್ಲ! ಅಜ್ಜ ನಕ್ಕದ್ದು ನನ್ನನ್ನು ನೋಡಿ ಅಲ್ಲ, ಅವನು ಕೇಳಿದ ಪ್ರಶ್ನೆಯನ್ನು ನೋಡಿ. ಜನ ನಕ್ಕ ಸದ್ದಿನಲ್ಲಿ ಅವನು ತುಂಡು ಬಾಚಿಕೊಂಡ, ಸಿಟ್ಟಿನಲ್ಲಿ ನಾನು ಎದ್ದು ಬಂದೆ, ಪ್ರಶ್ನೆ ಅಲ್ಲೇ ಅರ್ಧಕ್ಕೆ ಬಿದ್ದಿತ್ತು. ಅವನು ಮಾಡಿದ್ದೂ ನಾನು ಕಂಪ್ಯೂಟರಿಗೆ ಬರೆದದ್ದೂ ಒಂದೇ: ನಗುವನ್ನು ಇಲ್ಲದ ಲೆಕ್ಕಕ್ಕೆ ಸೇರಿಸಿದ್ದು. ನನ್ನದನ್ನು ನಾನು ಅಳಿಸಿ ತಿದ್ದಿದೆ. ನಕ್ಕರೆ ಹಿಂದಕ್ಕೆ ಹೋಗು, ಮತ್ತೆ ಕೇಳು, ಹೌದೋ ಇಲ್ಲವೋ ಬರುವವರೆಗೆ ಬಿಡಬೇಡ. ಅವನದನ್ನು ತಿದ್ದಲು ಎರಡನೇ ತಿಂಗಳ ಎರಡನೇ ದಿನದವರೆಗೆ, ಅಂದರೆ ಅಜ್ಜನ ಹುಟ್ಟುಹಬ್ಬದವರೆಗೆ ಕಾದೆ.

ಅದು ನಿನ್ನೆ. ನಿನ್ನ ಅಪ್ಪನ ಮದುವೆಯ ಸಮಯದ ಕಪ್ಪು ರೇಷ್ಮೆ ಕೋಟಿನ ಗುಂಡಿಗಳನ್ನು ನನ್ನ ಕೋಟಿಗೆ ಹೊಲಿದುಕೊಂಡು, ಶೇಂಗಾ ಪುಡಿ ಹಾಕಿದ ಅಕ್ಕಿಯ ಉಂಡೆ ಮಾಡಿಕೊಂಡು ಹೋದೆ. ಹೆಸರು ಕೂಗುವ ಮೊದಲು ಮುಂದೆ ಹೋಗಿ ನಿಂತೆ. “ದೀಪದ ಹಬ್ಬದ ದಿನದ ಪ್ರಶ್ನೆ ಮುಗಿದಿಲ್ಲ. ಅಜ್ಜ ನಕ್ಕ. ನಕ್ಕ ಮೇಲೆ ಮತ್ತೆ ಹಾಕಬೇಕು, ನೀನು ಹಾಕ್ಲಿಲ್ಲ” ಎಂದೆ. “ಅತ್ತಿಗೆ, ಅದು ಮುಗಿದ ಕಥೆ, ಜನ ಕಾಯ್ತಿದಾರೆ.” “ಮುಗಿದಿದ್ರೆ ಇನ್ನೊಂದ್ಸಲ ಹಾಕೋಕೆ ಯಾಕಪ್ಪಾ ಭಯ?” ಅಷ್ಟರಲ್ಲಿ ಹಿಂದಿನಿಂದ ಆ-ಗೇಕ್, “ಹಾಕ್ಲಿ ಬಿಡ್ರೀ! ಮರದ ತುಂಡೇನು ಸವೆದು ಹೋಗತ್ತಾ?” ಎಂದು ಗಂಟಲು ಹರಿದುಕೊಂಡಳು. ಮುದುಕರು ತಲೆಯಾಡಿಸಿದರು, ನಕ್ಕ ಮೇಲೆ ಮತ್ತೆ ಹಾಕುವುದು ಅವರ ಅಜ್ಜಂದಿರ ಕಾಲದ ನಿಯಮ. ಮಂಡಿ ಊರಿದೆ. ಊರಿದ್ದು ಹೇಗೆ ಎಂದು ಕೇಳಬೇಡ. ವಿಧವೆ ಎಂಬ ಮಾತನ್ನೇ ಎತ್ತಲಿಲ್ಲ. ಅಜ್ಜಾ, ಈ ಮನೆಯಲ್ಲಿ ಒಲೆ ಉರಿಯುತ್ತಿದೆ, ಸಂಜೆ ದೀಪ ಹಚ್ಚುತ್ತಿದ್ದೇವೆ, ನಿನ್ನ ಹುಟ್ಟುಹಬ್ಬಕ್ಕೆ ಉಂಡೆ ತಂದಿದ್ದೇವೆ. ಈ ಮನೆ ನಿನ್ನ ಓಣಿಯಲ್ಲಿ ಲೆಕ್ಕಕ್ಕಿದೆಯೇ ಎಂದು ಕೇಳಿ ಹಾಕಿದೆ. ಹೌದು ಬಿತ್ತು. ಎರಡನೇ ಸಲವೂ, ಮೂರನೇ ಸಲವೂ. ಹಾಗಾದರೆ ಈ ಮನೆಯ ಪರವಾಗಿ ನನ್ನ ಹೆಸರು ಕೂಗಬಹುದೇ ಎಂದು ಕೇಳಿ ಹಾಕಿದೆ. ಎರಡೂ ಉಬ್ಬು. ಇಲ್ಲ.

ಇಲ್ಲ ಎನ್ನುವುದೂ ಉತ್ತರವೇ. ಸ್ಪಷ್ಟವಾಗಿ ಇಲ್ಲ ಎಂದರೆ ನಾನು ಯಾರೊಂದಿಗೂ ಜಗಳಕ್ಕೆ ಹೋಗುವುದಿಲ್ಲ, ದೇವರೊಂದಿಗಂತೂ ಇಲ್ಲವೇ ಇಲ್ಲ. ಬಾಗಿಲನ್ನು ಅರ್ಧ ತೆರೆದು ಒಳಗಿನಿಂದ ನಗುವವರನ್ನು ಕಂಡರೆ ಮಾತ್ರ ನನಗಾಗದು. ಬೂನ್-ಖಿಂಗ್ ಮುಗುಳ್ನಕ್ಕ. ನಗಲಿ ಎಂದು ಬಿಟ್ಟೆ.

ಆ-ಗೇಕ್ ಅಂಚೆ ಕಚೇರಿಯ ಕಡೆ ಹೊರಟಿದ್ದಾಳೆ, ಸ್ಕೂಟರ್ ಹಾರ್ನ್ ಮಾಡುತ್ತಿದ್ದಾಳೆ, ಇಲ್ಲಿಗೆ ನಿಲ್ಲಿಸುತ್ತೇನೆ. ಪಕ್ಕದ ಮನೆಯವರೆಲ್ಲ ನಿನ್ನ ಕ್ಷೇಮ ಕೇಳಿದರೆಂದು ತಿಳಿ. ಬಾಗಿಲಿನ ಯಂತ್ರದ ಒಳಗೆ ನೀನು ಬರೆದದ್ದನ್ನು ಮೇಡಂ ಜತೆ ಕೂತು ಓದಿದೆ. ಹತ್ತು ಗಂಟೆ ಎಂದಿದ್ದನ್ನು ಆರು ಗಂಟೆ ಎಂದು ತಿದ್ದಿದ್ದೇನೆ. ಹತ್ತರವರೆಗೆ ಮಲಗುವ ಹೆಂಗಸು ಎಂದು ನನ್ನನ್ನು ಯಾರಾದರೂ ತಿಳಿದಾರು. ಕತ್ತಿಗೆ ಉಣ್ಣೆ ಸುತ್ತಿಕೋ. ಹೊಟ್ಟೆ ತುಂಬ ತಿನ್ನು. ನೆಲದಜ್ಜ ನಿನ್ನನ್ನೂ ನಿನ್ನ ಯಂತ್ರಗಳನ್ನೂ ಕಾಪಾಡಲಿ.

ನಿನ್ನ ಅಮ್ಮ,
ಗಿಮ್-ಲುವಾನ್

ಮರೆತದ್ದು: ಅಲ್ಲಿಗೇ ಮುಗಿಯಲಿಲ್ಲ. ನನಗೆ ಇಲ್ಲ ಎಂದ ಮೇಲೆ ನಾನು ಮಂಡಿ ಎತ್ತಲಿಲ್ಲ, ಹಾಗಾದರೆ ಮಗಳು ಯೂ-ಚಿನ್ ಹೆಸರೇ ಎಂದು ಕೇಳಿದೆ. “ಊರಲ್ಲೇ ಇಲ್ಲದವಳ ಹೆಸ್ರು ಕೂಗೋದುಂಟಾ?” ಎಂದು ಬೂನ್-ಖಿಂಗ್ ಎಗರಿದ. “ನಿನ್ನ ಮಗ ವರ್ಷಗಟ್ಲೆ ಹಡಗಿನಲ್ಲಿದ್ದಾಗ ಅವನ ಹೆಸ್ರು ಕೂಗ್ಲಿಲ್ವಾ?” ಎಂದೆ. ಹಾಕಿದೆ, ಹೌದು ಬಿತ್ತು. ಆಮೇಲೆ ಓಣಿಯ ಎಲ್ಲ ಹೆಸರುಗಳ ಜತೆ ನಿನ್ನದನ್ನೂ ಕೂಗಿದರು. ಸಮಿತಿಯ ಅಧ್ಯಕ್ಷನೇ ತುಂಡು ಹಾಕಬೇಕಲ್ಲ, ಅವನ ಕೈಯಿಂದಲೇ ನಿನ್ನ ಹೆಸರಿಗೆ ಹೌದು ಹೌದು ಎಂದು ಬೀಳುತ್ತಲೇ ಹೋಯಿತು, ಬೇರೆ ಯಾರಿಗೂ ಅಷ್ಟು ಸಲ ಸಾಲಾಗಿ ಬೀಳಲಿಲ್ಲ. ಅಲ್ಲಿ ನಾನ್ಯಾರು ಎಂದು ಕೇಳಿದ್ದೆಯಲ್ಲ, ಈ ವರ್ಷ ನೀನು ಧೂಪದ ಯಜಮಾನಿ. ಅಲ್ಲಿ ಕೆಲಸ ಮುಂದುವರಿಸುವುದು ಬಿಡುವುದು ನಿನ್ನ ಇಷ್ಟ, ನಾನು ಕೇಳುವುದಿಲ್ಲ. ಎಂಟನೇ ತಿಂಗಳ ಹುಣ್ಣಿಮೆಗೆ ಮಾತ್ರ ಬರಲೇಬೇಕು, ಅವತ್ತು ಪಾತ್ರೆಯನ್ನು ಗುಡಿಯಿಂದ ಮನೆಗೆ ಹೊತ್ತು ತರುವುದು. ಮಂಡಿ ಹರಿದ ಆ ಪ್ಯಾಂಟು ಹಾಕಿಕೊಂಡು ಬರಬೇಡ. ಪಾತ್ರೆ ಬಿಸಿ ಇರುತ್ತದೆ. ಚಿಕ್ಕಪ್ಪ ಪಾತ್ರೆ ಹಿಡಿಯಲೆಂದು ಬಟ್ಟೆ ಕೊಡಲು ಬರುತ್ತಾನೆ, ತೆಗೆದುಕೊಳ್ಳಬೇಡ. ನಿನ್ನ ಅಪ್ಪ ಬರಿಗೈಯಲ್ಲೇ ಹಿಡಿದಿದ್ದರು.